ಕೈಗುಣವೋ, ಕೈವಿದ್ಯೆಯೋ?

ನಮ್ಮ ಕಡೆಯ ಮಾತಿನಲ್ಲಿ ‘ಕೈಗುಣ’ ಎಂಬುದೊಂದು ಶಬ್ದವಿದೆ. ಎಣ್ಣೆ ಅದೇ, ಸೊಪ್ಪು ಅದೇ, ಕಷಾಯವೂ ಅದೇ; ಆದರೆ ಒಬ್ಬರ ಕೈ ಸೋಕಿದರೆ ನೋವು ಇಳಿಯುತ್ತದೆ, ಮತ್ತೊಬ್ಬರು ಎಷ್ಟು ತಿಕ್ಕಿದರೂ ಇಳಿಯುವುದಿಲ್ಲ; ಇದು ಆ ಶಬ್ದದ ಹಿಂದಿರುವ ನಂಬಿಕೆ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳ ಹಳ್ಳಿಗಳಲ್ಲಿ ವಿಚಾರಿಸಿದರೆ ಕೈಗುಣವುಳ್ಳವರ ಒಂದೆರಡು ಹೆಸರು ಜನರ ನಾಲಗೆಯ ತುದಿಯಲ್ಲಿಯೇ ಇರುತ್ತದೆ. ಉಳುಕು ತೆಗೆಯುವವರು ಒಬ್ಬರು, ಎಲುಬು ಕೂಡಿಸುವವರು ಒಬ್ಬರು, ಕೂಸಿಗೆ ಎರೆಯುವ ಮುದುಕಿ ಒಬ್ಬಳು. ಪೇಟೆಯ ಡಾಕ್ಟರರ ವಿಷಯದಲ್ಲಿಯೂ ಜನ ಇದೇ ಮಾತನ್ನಾಡುವುದುಂಟು. ಚಿಕ್ಕಂದಿನಿಂದ ಈ ಶಬ್ದವನ್ನು ಕೇಳುತ್ತ ಬಂದ ನನಗೆ ಈಚೆಗೆ ಒಂದು ಸಂಶಯ ಬಾಧಿಸುತ್ತಿದೆ: ಈ ಮಾತಿನಿಂದ ನಾವು ಆ ಜನರನ್ನು ಹೊಗಳುತ್ತಿರುವೆವೋ, ಅಥವಾ ಹೊಗಳುವ ನೆಪದಲ್ಲಿ ಅವರ ವಿದ್ಯೆಯನ್ನು ಮರೆಮಾಡುತ್ತಿರುವೆವೋ?

ಮೊದಲು ಆ ವಿದ್ಯೆಯ ಹರವನ್ನು ಸ್ವಲ್ಪ ನೋಡೋಣ. ವರದೆಯ ದಂಡೆಯ ಗದ್ದೆಗಳಲ್ಲಿ ಬಗ್ಗಿ ನಾಟಿ ಮಾಡುವ ಹೆಣ್ಣುಮಗಳಿಗೆ ಸೊಂಟ ಹಿಡಿಯುತ್ತದೆ. ಸವಣೂರಿನ ಎಲೆದೋಟದಲ್ಲಿ ಏಣಿ ಹತ್ತಿ ವೀಳ್ಯದೆಲೆ ಕೊಯ್ಯುವವನ ಕಾಲು ಉಳುಕುತ್ತದೆ. ಹಿರೇಕೆರೂರಿನ ಕಡೆ ಗೋವಿನಜೋಳದ ಚೀಲ ಹೊತ್ತವನ ಭುಜ ಜಗ್ಗುತ್ತದೆ. ಇವರೆಲ್ಲರೂ ಕೂಡಲೇ ಆಸ್ಪತ್ರೆಗೆ ಹೋಗುವುದಿಲ್ಲ. ಔಡಲೆಣ್ಣೆ ಹಚ್ಚಿ ಎಕ್ಕೆಯ ಎಲೆಯನ್ನು ಬಿಸಿಮಾಡಿ ಕಟ್ಟುತ್ತಾರೆ. ಲಕ್ಕಿಸೊಪ್ಪು, ಹುಣಸೆಸೊಪ್ಪು ಕುದಿಸಿದ ನೀರು ಹಾಕುತ್ತಾರೆ. ಇಟ್ಟಂಗಿ ಕಾಯಿಸಿ ಅರಿವೆಯಲ್ಲಿ ಸುತ್ತಿ ಕಾವು ಕೊಡುತ್ತಾರೆ. ಇಷ್ಟಕ್ಕೂ ನೋವು ಮಣಿಯದಿದ್ದರೆ ತಿಕ್ಕುವವರನ್ನು ಹುಡುಕಿಕೊಂಡು ಹೋಗುತ್ತಾರೆ. ಗರಡಿಮನೆಯ ಉಸ್ತಾದರು ಈ ಕೆಲಸದಲ್ಲಿ ಪಳಗಿದವರು. ಪೈಲ್ವಾನನ ಮೈಯ ಒಂದೊಂದು ನರವೂ ಒಂದೊಂದು ಕೀಲೂ ಅವರ ಬೆರಳಿಗೆ ಪರಿಚಿತ. ಕುಸ್ತಿಯಲ್ಲಿ ಭುಜ ತಪ್ಪಿದರೆ ಅಖಾಡದ ಅಂಚಿನಲ್ಲಿಯೇ ಅದನ್ನು ಸ್ವಸ್ಥಾನಕ್ಕೆ ಕೂಡ್ರಿಸಿದ ಕಥೆಗಳು ನಮ್ಮಲ್ಲಿ ಬೇಕಾದಷ್ಟಿವೆ.

ಹೊಟ್ಟೆನೋವಿಗೂ ಇದೇ ಕೈ. ಭಾರ ಎತ್ತಿದಾಗಲೋ ಕಾಲು ಜಾರಿದಾಗಲೋ ಹೊಕ್ಕಳ ಸುತ್ತ ನೋವು ಬಂದರೆ ‘ಬಟ್ಟಿ ಸರಿದಿದೆ’ ಎನ್ನುತ್ತಾರೆ. ತಿಕ್ಕುವಾಕೆ ರೋಗಿಯನ್ನು ಅಂಗಾತ ಮಲಗಿಸಿ, ಹೊಕ್ಕಳ ಬಳಿ ಬೆರಳೂರಿ ಮಿಡಿತವನ್ನು ಹುಡುಕಿ, ಅದು ನಡುವಿಗೆ ಬರುವವರೆಗೆ ಸುತ್ತಲೂ ನೀವುತ್ತಾಳೆ. ಕೆಲವೆಡೆ ಹೊಟ್ಟೆಯ ಮೇಲೆ ಸಣ್ಣ ಹಣತೆ ಹಚ್ಚಿಟ್ಟು ಅದರ ಮೇಲೆ ಚೆಂಬನ್ನು ಬೋರಲು ಹಾಕುವುದೂ ಉಂಟು. ದೀಪ ಆರಿದೊಡನೆ ಚೆಂಬು ಚರ್ಮವನ್ನು ಬಿಗಿಯಾಗಿ ಕಚ್ಚಿ ಹಿಡಿಯುತ್ತದೆ. ಅಂಗರಚನಾಶಾಸ್ತ್ರದಲ್ಲಿ ‘ಬಟ್ಟಿ’ ಎಂಬ ಅಂಗವಿಲ್ಲ. ಅಲ್ಲಿ ಮಿಡಿಯುವುದು ದೇಹದ ಮಹಾರಕ್ತನಾಳ. ಆದರೂ ನೊಂದ ಹೊಟ್ಟೆಯ ಸ್ನಾಯುಗಳಿಗೆ ಬೆಚ್ಚನೆಯ ಕೈಯಿಂದ ಹಿತವಾಗುವುದನ್ನು ಅಲ್ಲಗಳೆಯಲಾಗದು.

ಈ ಕೈಗಳ ಪರಾಕಾಷ್ಠೆಯನ್ನು ನೋಡಬೇಕಾದರೆ ಬಾಣಂತಿಯ ಬಚ್ಚಲಿಗೆ ಹೋಗಬೇಕು. ಎರೆಯುವ ಮುದುಕಿ ಮಣೆಯ ಮೇಲೆ ಕುಳಿತು, ಕಾಲು ನೀಡಿ, ಎರಡು ಕಣಕಾಲುಗಳ ನಡುವಿನ ತೊಟ್ಟಿಲಿನಲ್ಲಿ ಕೂಸನ್ನು ಮಲಗಿಸಿಕೊಳ್ಳುತ್ತಾಳೆ. ಕುಸುಬಿ ಎಣ್ಣೆಯನ್ನೋ ಕೊಬ್ಬರಿ ಎಣ್ಣೆಯನ್ನೋ ಅಂಗೈಯಲ್ಲಿ ತಿಕ್ಕಿ ಬೆಚ್ಚಗೆ ಮಾಡಿಕೊಂಡು ಎದೆಯಿಂದ ಭುಜಕ್ಕೆ, ತೊಡೆಯಿಂದ ಪಾದಕ್ಕೆ ನೀವುತ್ತಾಳೆ. ಬಲಗೈಯನ್ನು ಎಡಗಾಲಿಗೆ, ಎಡಗೈಯನ್ನು ಬಲಗಾಲಿಗೆ ಮುಟ್ಟಿಸಿ ಮಡಿಸುತ್ತಾಳೆ. ಬಳಿಕ ಹಂಡೆಯ ನೀರನ್ನು ಚೆಂಬಿನಿಂದ ಹೊಯ್ದು, ಒರೆಸಿ, ಕೆಂಡದ ಮೇಲೆ ಲೋಬಾನ ಉದುರಿಸಿ ಹೊಗೆ ತೋರಿಸಿ, ಬಿಗಿಯಾಗಿ ಸುತ್ತಿ ಮಲಗಿಸಿದಳೆಂದರೆ ಕೂಸು ಎರಡು ತಾಸು ಕಣ್ಣು ತೆರೆಯದು. ಅನಂತರ ಬಾಣಂತಿಯ ಸರದಿ. ನಡುವಿಗೆ ಎಣ್ಣೆ, ಬೆನ್ನಿಗೆ ಬಿಸಿನೀರು, ಹೊಟ್ಟೆಗೆ ಹಳೆಯ ಸೀರೆಯ ಕಟ್ಟು. ಇದನ್ನೆಲ್ಲ ಆಕೆ ಯಾವ ಶಾಲೆಯಲ್ಲಿಯೂ ಕಲಿತದ್ದಲ್ಲ. ತನ್ನ ಅತ್ತೆಯದೋ ಅವ್ವನದೋ ಮಗ್ಗುಲಲ್ಲಿ ಕುಳಿತು ವರ್ಷಗಟ್ಟಲೆ ನೀರು ಹೊಯ್ದುಕೊಟ್ಟು ಕಲಿತದ್ದು.

ಇದು ನಮ್ಮ ಸೀಮೆಯ ವಿಶೇಷವೆಂದು ಯಾರಾದರೂ ಹೆಮ್ಮೆಪಡುವುದಾದರೆ ಅವರು ಸ್ವಲ್ಪ ದೂರದವರೆಗೆ ಕಣ್ಣು ಹಾಯಿಸುವುದು ಒಳ್ಳೆಯದು. ಏಳು ಸಾವಿರಕ್ಕೂ ಮಿಕ್ಕ ದ್ವೀಪಗಳ ನಾಡಾದ ಫಿಲಿಪೀನ್ಸಿನಲ್ಲಿ ತಿಕ್ಕುವ ವಿದ್ಯೆಗೆ ‘ಹಿಲೋತ್’ ಎಂದು ಹೆಸರು. ಅಲ್ಲಿಯ ಹಳ್ಳಿಗಳಲ್ಲಿ ಉಳುಕು ತೆಗೆಯುವವರೂ ಹೆರಿಗೆ ಮಾಡಿಸುವವರೂ ಈ ಹೆಸರಿನಿಂದಲೇ ಪರಿಚಿತರು. ಬಾಳೆಯೆಲೆಯ ಸೀಳಿಗೆ ಕೊಬ್ಬರಿ ಎಣ್ಣೆ ಸವರಿ ರೋಗಿಯ ಮೈಮೇಲೆ ಎಳೆಯುತ್ತಾರೆ. ಎಲೆ ಎಲ್ಲಿ ಅಂಟಿ ನಿಲ್ಲುವುದೋ ಅಲ್ಲಿ ದೋಷವಿದೆಯೆಂದು ತಿಳಿದು ಅಲ್ಲಿಯೇ ತಿಕ್ಕುತ್ತಾರೆ. ಹೆತ್ತ ತಾಯಿಗೆ ಸೊಪ್ಪಿನ ಹಬೆಯನ್ನೋ ಹೊಗೆಯನ್ನೋ ಕೊಡುವ ‘ಸುಓಬ್’ ಎಂಬ ಪದ್ಧತಿ ನಮ್ಮ ಬಾಣಂತಿಕೋಣೆಯ ಧೂಪವನ್ನೇ ಹೋಲುತ್ತದೆ. ಎಲ್ಲಕ್ಕಿಂತ ನನ್ನನ್ನು ಬೆರಗುಗೊಳಿಸಿದ ಸಂಗತಿ ಇನ್ನೊಂದು. ತಾಯ ಹೊಟ್ಟೆಯಿಂದ ಕಾಲು ಮುಂದಾಗಿ ಹುಟ್ಟಿದವರು ಸೊಂಟಕ್ಕೆ ಕಾಲು ತಾಗಿಸಿದರೆ ಹಿಡಿದ ಸೊಂಟ ಬಿಡುತ್ತದೆಂದು ನಮ್ಮ ಜನ ನಂಬುತ್ತಾರಷ್ಟೆ. ಫಿಲಿಪೀನ್ಸಿನಲ್ಲಿ ಹಾಗೆ ಹುಟ್ಟಿದವರನ್ನು ‘ಸುಹಿ’ ಎನ್ನುತ್ತಾರೆ. ಅವರ ಕೈಗೆ ನೋವು ಕಳೆಯುವ ಶಕ್ತಿ ಹುಟ್ಟಿನಿಂದಲೇ ಬಂದಿರುತ್ತದೆಂಬ ನಂಬಿಕೆ ಅಲ್ಲಿಯೂ ಇದೆ. ನಡುವೆ ಸಮುದ್ರಗಳಿವೆ, ಭಾಷೆ ಬೇರೆ, ಮತ ಬೇರೆ. ಆದರೂ ಎರಡೂ ಕಡೆಯ ಜನ ಒಂದೇ ತೀರ್ಮಾನಕ್ಕೆ ಬಂದಿದ್ದಾರೆ. ಗುಣಪಡಿಸುವ ಶಕ್ತಿಯು ಕಲಿತು ಬರತಕ್ಕದ್ದಲ್ಲ, ಹುಟ್ಟಿನಿಂದ ಬರತಕ್ಕದ್ದು ಎಂಬುದೇ ಆ ತೀರ್ಮಾನ.

ನನ್ನ ತಕರಾರು ಇಲ್ಲಿಂದಲೇ ಆರಂಭವಾಗುತ್ತದೆ. ಗುಣ ಎಂದರೆ ದೈವದತ್ತವಾದದ್ದು. ಅದನ್ನು ಕಲಿಸಲು ಬರುವುದಿಲ್ಲ, ಅಳೆಯಲು ಬರುವುದಿಲ್ಲ, ತಿದ್ದಲೂ ಬರುವುದಿಲ್ಲ. ವಿದ್ಯೆ ಎಂದರೆ ಹಾಗಲ್ಲ. ಅದಕ್ಕೆ ಗುರುವುಂಟು, ಅಭ್ಯಾಸವುಂಟು, ಪರೀಕ್ಷೆಯುಂಟು, ತಪ್ಪು ಒಪ್ಪು ಉಂಟು. ಎರೆಯುವ ಮುದುಕಿಯ ಬೆರಳು ಎಷ್ಟು ಒತ್ತಬೇಕು, ಎಲ್ಲಿ ಒತ್ತಬಾರದು ಎಂಬುದನ್ನು ನೂರಾರು ಕೂಸುಗಳ ಮೈಮೇಲೆ ಕಲಿತಿರುತ್ತದೆ. ಇದನ್ನು ವಿದ್ಯೆ ಎಂದು ಕರೆದಿದ್ದರೆ ಆಕೆಯ ಬಳಿಗೆ ನಾವು ಶಿಷ್ಯರನ್ನು ಕಳಿಸುತ್ತಿದ್ದೆವು. ಗುಣ ಎಂದು ಕರೆದು ಕೈಮುಗಿದು ಸುಮ್ಮನಾದೆವು. ಆಕೆ ಸತ್ತಾಗ ‘ಅಂಥ ಕೈ ಮತ್ತೆ ಬಾರದು’ ಎಂದು ಕಣ್ಣೊರೆಸಿಕೊಂಡೆವು. ಮತ್ತೆ ಬರುವಂತೆ ಮಾಡಲು ನಾವು ಮಾಡಿದ್ದೇನು?

ಈ ನಂಬಿಕೆಗೆ ಇನ್ನೆರಡು ಕವಲುಗಳಿವೆ. ಮದ್ದಿನ ಗುಟ್ಟನ್ನು ಹೇಳಿದರೆ ಅದರ ಫಲ ಹೋಗುತ್ತದೆ ಎಂಬುದು ಒಂದು. ರೊಕ್ಕ ಮುಟ್ಟಿದರೆ ಕೈಗುಣ ಹೋಗುತ್ತದೆ ಎಂಬುದು ಇನ್ನೊಂದು. ಮೊದಲನೆಯದರಿಂದ ವಿದ್ಯೆ ಬಲ್ಲವರ ಜೊತೆಗೆ ಮಣ್ಣಾಗುತ್ತದೆ. ಎರಡನೆಯದರಿಂದ ಬಲ್ಲವರು ಬಡವರಾಗಿಯೇ ಉಳಿಯುತ್ತಾರೆ. ಎಲೆಯಡಿಕೆ, ಒಂದು ಸೇರು ಅಕ್ಕಿ, ಹಬ್ಬಕ್ಕೊಂದು ಕುಪ್ಪಸದ ಖಣ, ಇಷ್ಟರಲ್ಲಿ ತಾಯಿಯ ಕಾಲ ಮುಗಿಯಿತು. ಮಗಳು ಆ ಕೆಲಸ ಬೇಡವೆಂದು ಹೊಲಿಗೆಯಂತ್ರ ಹಿಡಿದರೆ ಆಕೆಯನ್ನು ತಪ್ಪೆನ್ನುವ ಅಧಿಕಾರ ನಮಗಿಲ್ಲ.

ಕನ್ನಡಿಗರು ವೈದ್ಯವನ್ನು ಬರೆದಿಡದ ಜನರೇನೂ ಅಲ್ಲ. 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ‘ಕಲ್ಯಾಣಕಾರಕ’ವನ್ನು ಕನ್ನಡಕ್ಕೆ ತಂದನು, ಅದೇ ಶತಮಾನದ ಕೀರ್ತಿವರ್ಮನು ದನಗಳ ಚಿಕಿತ್ಸೆಗೆಂದೇ ‘ಗೋವೈದ್ಯ’ವನ್ನು ರಚಿಸಿದನು, 14ನೆಯ ಶತಮಾನದ ಮಂಗರಾಜನು ವಿಷಚಿಕಿತ್ಸೆಯನ್ನು ‘ಖಗೇಂದ್ರಮಣಿದರ್ಪಣ’ದಲ್ಲಿ ಪದ್ಯವಾಗಿಸಿದನು. ಪಾನುಂಗಲ್ಲು ಎಂಬ ಹೆಸರಿನಿಂದ ನಮ್ಮ ಹಾನಗಲ್ಲು ಯಾವ ಕಲ್ಯಾಣದ ಚಾಲುಕ್ಯರ ಆಳಿಕೆಗೆ ಒಳಪಟ್ಟಿತ್ತೋ, ಅದೇ ವಂಶದ ಮೂರನೆಯ ಸೋಮೇಶ್ವರನು ಸಂಸ್ಕೃತದ ‘ಮಾನಸೋಲ್ಲಾಸ’ದಲ್ಲಿ ಅರಸನ ಸ್ನಾನವನ್ನು ಭೋಗಗಳಲ್ಲಿ ಒಂದೆಂದೂ ಮಲ್ಲವಿದ್ಯೆಯನ್ನು ವಿನೋದಗಳಲ್ಲಿ ಒಂದೆಂದೂ ವಿವರಿಸಿದ್ದಾನೆ. ಶರಣರ ಸಾಲಿನಲ್ಲಿ ವೈದ್ಯ ಸಂಗಣ್ಣನೆಂಬ ವೃತ್ತಿವೈದ್ಯನ ಹೆಸರೂ ಇದೆ. ಹೀಗೆ ಅರಸನ ಅಭ್ಯಂಜನಕ್ಕೆ ಗ್ರಂಥ ಹುಟ್ಟಿತು, ಆಕಳಿನ ಕೆಚ್ಚಲ ಬಾವಿಗೆ ಗ್ರಂಥ ಹುಟ್ಟಿತು. ಬಡ ಬಾಣಂತಿಯ ನಡುವನ್ನು ನೀವಿದ ಕೈಗೆ ಹುಟ್ಟಲಿಲ್ಲ.

ಕಾರಣ ಸ್ಪಷ್ಟವಾಗಿಯೇ ಇದೆ. ಕೈಯಲ್ಲಿ ವಿದ್ಯೆ ಇದ್ದವರಿಗೆ ಅಕ್ಷರವಿರಲಿಲ್ಲ. ಅಕ್ಷರವಿದ್ದವರಿಗೆ ಆ ಕೈಗಳನ್ನು ಮುಟ್ಟುವ ಮನಸ್ಸಿರಲಿಲ್ಲ. ಕೂಸನ್ನು ಭೂಮಿಯ ಮೇಲೆ ಮೊದಲು ಮುಟ್ಟಿದ ಸೂಲಗಿತ್ತಿಯನ್ನು ಅದೇ ಮನೆಯ ಅಡಿಗೆಯ ಕೋಣೆಗೆ ಬಿಡುತ್ತಿರಲಿಲ್ಲ. ಮೈ ತಿಕ್ಕುವುದು, ಹೊಕ್ಕಳ ಬಳ್ಳಿ ಕೊಯ್ಯುವುದು, ಮೈಲಿಗೆ ಒಗೆಯುವುದು ಇವೆಲ್ಲ ಕೀಳೆಂದು ಎಣಿಸಿದ ಕೆಲಸಗಳಾಗಿದ್ದುವು. ನೋವು ಬಂದಾಗ ಕರೆಸಿಕೊಂಡು, ನೋವು ಹೋದ ಮೇಲೆ ಹೊರಗೆ ನಿಲ್ಲಿಸುವ ಈ ಪದ್ಧತಿಯನ್ನು ಮುಚ್ಚುವುದಕ್ಕೆ ‘ಕೈಗುಣ’ವೆಂಬ ಸಿಹಿಮಾತು ಚೆನ್ನಾಗಿ ಒದಗಿಬಂದಿತು. ಕಲಿತವರೆಂದು ಒಪ್ಪಿಕೊಂಡರೆ ಗುರುವಿನ ಸ್ಥಾನ ಕೊಡಬೇಕಾಗುತ್ತದೆ. ಗುಣವುಳ್ಳವರೆಂದರೆ ಎಲೆಯಡಿಕೆ ಸಾಕು.

ಇಷ್ಟು ಹೇಳಿದ ಮಾತ್ರಕ್ಕೆ ಹಳೆಯದೆಲ್ಲ ಹೊನ್ನೆಂದು ನಾನು ವಾದಿಸುತ್ತಿಲ್ಲ. ವಿದ್ಯೆಯೆಂದು ಒಪ್ಪಿಕೊಂಡ ಮೇಲೆ ಅದರ ತಪ್ಪುಗಳನ್ನೂ ಲೆಕ್ಕ ಹಿಡಿಯಲೇಬೇಕು. ಮೊದಲನೆಯದಾಗಿ, ಉಳುಕು ಮತ್ತು ಸೊಂಟನೋವುಗಳಲ್ಲಿ ಬಹುಪಾಲು ಕೆಲವು ವಾರಗಳಲ್ಲಿ ತಾವಾಗಿಯೇ ವಾಸಿಯಾಗುವಂಥವು. ಪ್ರಕೃತಿ ದುಡಿಯುತ್ತದೆ, ಕೀರ್ತಿ ತಿಕ್ಕಿದವರಿಗೆ ಸಲ್ಲುತ್ತದೆ. ತಿಕ್ಕುವಿಕೆಯಿಂದ ಸೊಂಟನೋವಿಗೆ ಅಲ್ಪಕಾಲದ ಉಪಶಮನ ದೊರೆಯಬಹುದೆಂದೂ, ಅದಕ್ಕಿರುವ ಆಧಾರ ಅಷ್ಟು ಬಲವಾದುದಲ್ಲವೆಂದೂ ಈ ಕಾಲದ ವೈದ್ಯಕೀಯ ಪರಿಶೀಲನೆಗಳು ಹೇಳುತ್ತವೆ. ಅಲ್ಪಕಾಲದ ಉಪಶಮನವೂ ಕೂಲಿ ಮಾಡುವವನಿಗೆ ಸಣ್ಣದಲ್ಲ. ಆದರೆ ಅದನ್ನು ಪವಾಡವೆನ್ನಬೇಕಾಗಿಲ್ಲ.

ಎಲುಬು ಮುರಿದಾಗಿನ ಮಾತು ಇದಕ್ಕಿಂತ ಕಠಿಣ. ತತ್ತಿಯ ಬಿಳಿಯ ಭಾಗದಲ್ಲಿ ಉದ್ದಿನ ಹಿಟ್ಟು ಕಲಸಿ ಲೇಪಿಸಿ, ಬಿದಿರ ದಬ್ಬೆ ಇಟ್ಟು ಬಿಗಿಯುವ ಕಟ್ಟು ನಮ್ಮಲ್ಲಿ ಹಳೆಯದು. ಆಂಧ್ರದ ಪುತ್ತೂರಿನ ಕಟ್ಟಿಗೆ ಕರ್ನಾಟಕದಿಂದಲೂ ಜನ ಹೋಗುತ್ತಾರೆ. ಸರಳವಾದ ಮುರಿತ ಅಲುಗಾಡದೆ ಇದ್ದರೆ ಕೂಡುತ್ತದೆ, ಸಂಶಯವಿಲ್ಲ. ಆದರೆ ಮುರಿದ ಕೈ ಒಳಗೆ ಊದಿಕೊಳ್ಳುತ್ತದೆ. ಹೊರಗಿನ ಕಟ್ಟು ಬಿಗಿಯಾಗಿದ್ದರೆ ರಕ್ತ ಹರಿಯುವುದು ನಿಲ್ಲುತ್ತದೆ. ಬೆರಳು ತಣ್ಣಗಾಗಿ, ಬಿಳಿಚಿ, ಜೋಮು ಹಿಡಿದರೆ ಅದು ಕೆಲವೇ ತಾಸುಗಳಲ್ಲಿ ಕೈ ಕಳೆದುಕೊಳ್ಳುವ ಸೂಚನೆ. ಕೈ ಉಳಿದರೂ ಸ್ನಾಯುಗಳು ಸತ್ತು ಬೆರಳುಗಳು ಹಕ್ಕಿಯ ಉಗುರಿನಂತೆ ಮುದುಡಿಹೋಗಬಹುದು. ಜರ್ಮನಿಯ ಶಸ್ತ್ರವೈದ್ಯ ಫೋಕ್‌ಮನ್‌ ಈ ವಿಕಾರವನ್ನು 1881ರಲ್ಲಿ ವರ್ಣಿಸಿ, ಬಿಗಿಯಾದ ಕಟ್ಟೇ ಇದಕ್ಕೆ ಕಾರಣವೆಂದು ತೋರಿಸಿದನು. ಮಾವಿನ ಮರದಿಂದ ಬಿದ್ದು ಮೊಣಕೈ ಮುರಿದುಕೊಂಡ ಮಕ್ಕಳಿಗೇ ಇದು ಹೆಚ್ಚಾಗಿ ಆಗುತ್ತದೆ. ಹಿಡಿಯಕ್ಕಿಗೆ ಕಟ್ಟಿಸಿಕೊಂಡ ಕಟ್ಟಿನ ಬೆಲೆಯನ್ನು ಆ ಹುಡುಗ ಆಯುಷ್ಯವೆಲ್ಲ ತೆರಬೇಕಾಗುತ್ತದೆ.

ಬಚ್ಚಲಿನಲ್ಲಿಯೂ ಕಾಳಿನ ಜೊತೆಗೆ ಜೊಳ್ಳಿದೆ. ಕೂಸಿನ ಕಿವಿಗೂ ಮೂಗಿಗೂ ಎಣ್ಣೆ ಬಿಡುವುದು, ತಲೆ ದುಂಡಗಾಗಲೆಂದು ಒತ್ತುವುದು, ಎದೆಯಲ್ಲಿ ಹಾಲಿದೆಯೆಂದು ಹಿಂಡುವುದು, ಮುಚ್ಚಿದ ಕೋಣೆಯಲ್ಲಿ ಕಣ್ಣು ಉರಿಯುವಷ್ಟು ಹೊಗೆ ಹಾಕುವುದು ಇವು ಬಿಡಲೇಬೇಕಾದ ಸಂಗತಿಗಳು. ಹುಟ್ಟಿದೊಡನೆ ಎರೆಯುವುದೂ ಸಲ್ಲದು. ಮೊದಲ ಸ್ನಾನವನ್ನು ಕನಿಷ್ಠ 24 ತಾಸು ಮುಂದೂಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಆದರೆ ಅದೇ ಸಂಸ್ಥೆ 2022ರಲ್ಲಿ ಹೊರಡಿಸಿದ ಬಾಣಂತನದ ಮಾರ್ಗಸೂಚಿಯಲ್ಲಿ, ದಿನ ತುಂಬಿ ಹುಟ್ಟಿದ ಆರೋಗ್ಯವಂತ ಶಿಶುವಿಗೆ ಮೈತುಂಬ ಮೆಲ್ಲನೆ ನೀವುವುದನ್ನು ಪರಿಗಣಿಸಬಹುದೆಂದೂ, ಅದರಿಂದ ಬೆಳವಣಿಗೆಗೆ ಅನುಕೂಲವಾಗುವ ಸಂಭವವಿದೆಯೆಂದೂ ಹೇಳಿದೆ. ಬಾಂಗ್ಲಾದೇಶದ ಒಂದು ಆಸ್ಪತ್ರೆಯಲ್ಲಿ ದಿನ ತುಂಬದೆ ಹುಟ್ಟಿದ ಶಿಶುಗಳಿಗೆ ಸೂರ್ಯಕಾಂತಿ ಎಣ್ಣೆಯನ್ನು ಸವರಿ ನಡೆಸಿದ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಅದರಲ್ಲಿ ಶಿಶುಗಳ ಸೋಂಕು ಕಡಿಮೆಯಾದದ್ದು ಕಂಡುಬಂದಿತು. ಅಂದರೆ ನಮ್ಮ ಮುದುಕಿಯರ ಎಣ್ಣೆಯ ಬಟ್ಟಲಿನಲ್ಲಿ ಉಳಿಸಿಕೊಳ್ಳತಕ್ಕದ್ದೂ ಇದೆ, ಚೆಲ್ಲತಕ್ಕದ್ದೂ ಇದೆ. ಯಾವುದು ಯಾವುದೆಂದು ಆಕೆಯ ಬಳಿ ಕುಳಿತು ಮಾತನಾಡಿ ಗೊತ್ತುಪಡಿಸಿಕೊಂಡವರು ಯಾರು?

ಹೆರಿಗೆಯ ವಿಷಯದಲ್ಲಿ ಆಸ್ಪತ್ರೆ ಗೆದ್ದಿದೆ, ಗೆಲ್ಲಲೇಬೇಕಾಗಿತ್ತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 2005-06ರ ಹೊತ್ತಿಗೆ ನೂರಕ್ಕೆ ಸುಮಾರು 65 ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗುತ್ತಿದ್ದುವು. 2019-20ರ ಹೊತ್ತಿಗೆ ಅದು 97ಕ್ಕೆ ಏರಿತು. ಒಂದು ಲಕ್ಷ ಜೀವಂತ ಜನನಗಳಿಗೆ ಸಾಯುವ ತಾಯಂದಿರ ಸಂಖ್ಯೆ 2004-06ರಲ್ಲಿ 213 ಇದ್ದದ್ದು 2018-20ರಲ್ಲಿ 69ಕ್ಕೆ ಇಳಿಯಿತು. ರಕ್ತಸ್ರಾವವಾದರೆ ಎಂಥ ಕೈಗುಣವೂ ರಕ್ತ ಕೊಡಲಾರದು. ಈ ಅಂಕೆಗಳ ಎದುರಿಗೆ ಸೂಲಗಿತ್ತಿಯರ ಕಾಲವೇ ಚೆನ್ನಾಗಿತ್ತೆಂದು ಹಲುಬುವವರನ್ನು ನಾನು ಒಪ್ಪಲಾರೆ. ಪಾವಗಡ ತಾಲೂಕಿನ ಸೂಲಗಿತ್ತಿ ನರಸಮ್ಮನವರು ಸಾವಿರಾರು ಹೆರಿಗೆಗಳನ್ನು ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದು ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಆ ಗೌರವ ಒಂದು ಪೀಳಿಗೆಗೆ ನಾಡು ಸಲ್ಲಿಸಿದ ವಂದನೆಯಂತಿತ್ತು, ಬೀಳ್ಕೊಡುಗೆಯಂತೆಯೂ ಇತ್ತು.

ಆದರೆ ಒಂದು ಮಾತು. ಹೆರಿಗೆ ಆಸ್ಪತ್ರೆಗೆ ಹೋಯಿತು. ಬಾಣಂತನ ಎಲ್ಲಿಗೆ ಹೋಯಿತು? ಎರಡು ಮೂರು ದಿವಸಗಳಲ್ಲಿ ತಾಯಿಯನ್ನೂ ಕೂಸನ್ನೂ ಮನೆಗೆ ಕಳಿಸುತ್ತಾರೆ. ಆಮೇಲಿನ ನಲವತ್ತು ದಿವಸ ನಡು ಮುರಿದಂತಾದ ಆ ಹುಡುಗಿಯ ಬೆನ್ನು ನೀವುವವರು, ಹಾಲು ಕುಡಿಸಲು ಕೂಸನ್ನು ಹೇಗೆ ಹಿಡಿಯಬೇಕೆಂದು ತೋರಿಸುವವರು, ಅಳುವ ಕೂಸಿನ ಜೊತೆಗೆ ಅಳುವ ತಾಯಿಗೆ ‘ಇದು ಎಲ್ಲರಿಗೂ ಆಗುವುದೇ, ತಂಗಿ’ ಎಂದು ಧೈರ್ಯ ಹೇಳುವವರು ಯಾರು? ಆಶಾ ಕಾರ್ಯಕರ್ತೆಯರು ಬಂದು ತೂಕ, ಜ್ವರ, ಚುಚ್ಚುಮದ್ದು ವಿಚಾರಿಸುತ್ತಾರೆ. ಅವರ ಹೆಗಲ ಮೇಲೆ ಹೊರೆ ಈಗಾಗಲೇ ಸಾಕಷ್ಟಿದೆ. ದಿನವೂ ಬಂದು ಎರಡು ತಾಸು ಕೂರುತ್ತಿದ್ದ ಮುದುಕಿಯ ಸ್ಥಳ ಬರಿದಾಗಿಯೇ ಇದೆ. ಸೂಲಗಿತ್ತಿಯ ಕತ್ತರಿಯನ್ನು ಕಸಿದುಕೊಳ್ಳುವಾಗ ಆಕೆಯ ಎಣ್ಣೆಯ ಬಟ್ಟಲನ್ನೂ ಕಸಿದುಕೊಂಡೆವು. ಆ ಎರಡನೆಯದರ ಅವಶ್ಯಕತೆಯಿರಲಿಲ್ಲ.

ಕಾನೂನಿನ ದಾರಿ ಏನು? 1970ರ ಭಾರತೀಯ ವೈದ್ಯ ಕೇಂದ್ರ ಪರಿಷತ್ತಿನ ಕಾಯಿದೆಯ ಜಾಗದಲ್ಲಿ ಈಗ 2020ರ ಹೊಸ ಆಯೋಗದ ಕಾಯಿದೆ ಬಂದಿದೆ. ಪದವಿಯಿಲ್ಲದೆ ವೈದ್ಯವೃತ್ತಿ ನಡೆಸಲು ಪಾರಂಪರಿಕ ವೈದ್ಯರಿಗೆ ಹಕ್ಕಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಕೇರಳದ ಪರಂಪರಾವೈದ್ಯರ ಮೊಕದ್ದಮೆಯಲ್ಲಿ 2018ರ ಏಪ್ರಿಲಿನಲ್ಲಿ ತೀರ್ಪಿತ್ತಿತು. ಪ್ರಾಣದ ಪ್ರಶ್ನೆ ಇರುವೆಡೆ ಈ ಕಟ್ಟುನಿಟ್ಟು ಸರಿಯಾದದ್ದೇ. ಇನ್ನೊಂದು ಕಡೆ ಭಾರತೀಯ ಗುಣಮಟ್ಟ ಪರಿಷತ್ತು ಬೆಂಗಳೂರಿನ ಸಂಸ್ಥೆಯೊಂದರ ನೆರವಿನಿಂದ ಹಳ್ಳಿಯ ವೈದ್ಯರಿಗಾಗಿ ಸ್ವಯಂಪ್ರೇರಿತ ಪ್ರಮಾಣಪತ್ರದ ಯೋಜನೆಯೊಂದನ್ನು ರೂಪಿಸಿದೆ. ಎಲುಬು ಕೂಡಿಸುವುದೇ ಮೊದಲಾಗಿ ಒಂದೊಂದು ವಿಭಾಗದಲ್ಲಿ ಅವರವರ ಜ್ಞಾನವನ್ನು ಬಾಯಿಮಾತಿನಿಂದಲೂ ಕೈಕೆಲಸದಿಂದಲೂ ಪರೀಕ್ಷಿಸುವ ಯೋಜನೆ ಅದು. ಆದರೆ ಆ ಪತ್ರದಿಂದ ವೈದ್ಯವೃತ್ತಿಯ ಹಕ್ಕು ಬರುವುದಿಲ್ಲ. ನಮ್ಮ ನಾಲ್ಕು ತಾಲೂಕುಗಳ ಎಷ್ಟು ಜನ ತಿಕ್ಕುವವರ ಕಿವಿಗೆ ಆ ಯೋಜನೆಯ ಸುದ್ದಿ ಬಿದ್ದಿರಬಹುದು ಎಂಬುದನ್ನು ವಾಚಕರೇ ಊಹಿಸಬಹುದು.

ಈ ವಿಷಯದಲ್ಲಿ ಫಿಲಿಪೀನ್ಸಿನವರ ನಡೆಯಿಂದ ನಾವು ಎರಡು ಪಾಠ ಕಲಿಯಬಹುದು. ನಮ್ಮ ಹಾವೇರಿ ಜಿಲ್ಲೆ ಹುಟ್ಟಿದ 1997ರಲ್ಲಿಯೇ ಅವರು ಪಾರಂಪರಿಕ ವೈದ್ಯದ ಸಂಶೋಧನೆಗೂ ಪೋಷಣೆಗೂ ಒಂದು ಕಾಯಿದೆ ಮಾಡಿ, ಅದಕ್ಕೆಂದೇ ಸರಕಾರಿ ಸಂಸ್ಥೆಯೊಂದನ್ನು ಸ್ಥಾಪಿಸಿದರು. ಹಿಲೋತ್ ತಿಕ್ಕುವಿಕೆಗೆ ಅಲ್ಲಿಯ ವೃತ್ತಿಶಿಕ್ಷಣ ಇಲಾಖೆಯ ಪಠ್ಯಕ್ರಮವಿದೆ; ಕಲಿತವರಿಗೆ ರಾಷ್ಟ್ರೀಯ ಪ್ರಮಾಣಪತ್ರ ದೊರೆಯುತ್ತದೆ. ಇದು ಅನುಸರಿಸತಕ್ಕ ಪಾಠ. ಎರಡನೆಯದು ಎಚ್ಚರಿಕೆಯ ಪಾಠ. 2008ರ ಬಳಿಕ ಅಲ್ಲಿ ಹೆರಿಗೆಗಳೆಲ್ಲ ಆಸ್ಪತ್ರೆಗಳಲ್ಲಿಯೇ ಆಗಬೇಕೆಂಬ ಧೋರಣೆ ಬಂದಾಗ ಹಲವು ಸ್ಥಳೀಯ ಆಡಳಿತಗಳು ಮನೆಯಲ್ಲಿ ಹೆರಿಗೆ ಮಾಡಿಸಿದ ಹಿಲೋತ್‌ಗಳಿಗೆ ದಂಡ ವಿಧಿಸುವ ಕಟ್ಟಳೆಗಳನ್ನು ಮಾಡಿದುವು. ಪೇಟೆಯ ವಿಶ್ರಾಂತಿಗೃಹಗಳಲ್ಲಿ ಪ್ರವಾಸಿಗರ ಬೆನ್ನು ತಿಕ್ಕುವ ಹಿಲೋತ್‌ಗೆ ಪ್ರಮಾಣಪತ್ರ, ಹಳ್ಳಿಯ ಬಡ ಹಿಲೋತ್‌ಗೆ ದಂಡ! ಹೆಸರು ಒಂದೇ, ಮರ್ಯಾದೆ ಎರಡು. ನಮ್ಮಲ್ಲಿಯೂ ಇದರ ನೆರಳು ಕಾಣುತ್ತಿದೆ. ಹುಬ್ಬಳ್ಳಿ ಬೆಂಗಳೂರುಗಳಲ್ಲಿ ಸಂಸ್ಕೃತದ ಹೆಸರಿಟ್ಟುಕೊಂಡ ತೈಲಚಿಕಿತ್ಸೆಗೆ ಸಾವಿರಗಟ್ಟಲೆ ಎಣಿಸಿಕೊಡುವ ಜನ, ತಮ್ಮ ಕೂಸಿಗೆ ಎರೆದ ಮುದುಕಿಗೆ ನೂರು ರೂಪಾಯಿ ಕೊಡುವಾಗ ಎರಡು ಸಲ ಯೋಚಿಸುತ್ತಾರೆ.

ಕೈವಿದ್ಯೆ ಅಕ್ಷರದ ಜೊತೆ ಸೇರಿದರೆ ಏನಾಗಬಲ್ಲುದೆಂಬುದಕ್ಕೆ ಇಂಗ್ಲೆಂಡಿನ ಉದಾಹರಣೆ ಇದೆ. ವೇಲ್ಸಿನ ಆಂಗಲ್‌ಸೀ ದ್ವೀಪದಲ್ಲಿ ತಲೆತಲಾಂತರದಿಂದ ಎಲುಬು ಕೂಡಿಸುತ್ತ ಬಂದ ಮನೆತನವೊಂದಿತ್ತು. ಆ ಮನೆತನದ ಇವಾನ್ ಥಾಮಸ್ ಎಂಬವನು ಲಿವರ್‌ಪೂಲಿನಲ್ಲಿ ಅದೇ ಕಸುಬು ಮಾಡುತ್ತ, ಪದವೀಧರ ವೈದ್ಯರ ವಿರೋಧದಿಂದ ಬೇಸತ್ತು, ತನ್ನ ಐವರು ಗಂಡುಮಕ್ಕಳನ್ನೂ ವೈದ್ಯಕೀಯ ಓದಿಗೆ ಕಳಿಸಿದನು. ಅವರಲ್ಲಿ ಒಬ್ಬನಾದ ಹ್ಯೂ ಓವೆನ್ ಥಾಮಸ್ (1834-1891) ಮನೆಯ ಕೈವಿದ್ಯೆಯನ್ನೂ ಕಾಲೇಜಿನ ಶಾಸ್ತ್ರವನ್ನೂ ಬೆಸೆದು, ಮುರಿದ ಕಾಲನ್ನು ಅಲುಗದಂತೆ ಹಿಡಿದಿಡುವ ಒಂದು ಕಬ್ಬಿಣದ ಚೌಕಟ್ಟನ್ನು ರಚಿಸಿದನು. ಅವನು ತೀರಿಕೊಂಡ ಬಹುಕಾಲದ ಮೇಲೆ, ಮೊದಲನೆಯ ಮಹಾಯುದ್ಧದಲ್ಲಿ, ಅವನ ಶಿಷ್ಯನೂ ಬಂಧುವೂ ಆದ ರಾಬರ್ಟ್ ಜೋನ್ಸ್ ಅದನ್ನು ಬಳಕೆಗೆ ತಂದಾಗ ತೊಡೆಯೆಲುಬು ಮುರಿದ ಸೈನಿಕರ ಸಾವುಗಳು ಬಹಳವಾಗಿ ತಗ್ಗಿದುವು. ಥಾಮಸನ ಹೆಸರಿನ ಆ ದಬ್ಬೆಯನ್ನು ಇಂದಿಗೂ ವೈದ್ಯ ವಿದ್ಯಾರ್ಥಿಗಳು ಕಲಿಯುತ್ತಾರೆ. ಅವನ ಪೂರ್ವಿಕರ ವಿದ್ಯೆಯನ್ನು ಬರಿಯ ಕೈಗುಣವೆಂದು ಬಿಟ್ಟಿದ್ದರೆ ಅದು ಆಂಗಲ್‌ಸೀಯ ಗೋರಿಗಳಲ್ಲಿಯೇ ಉಳಿಯುತ್ತಿತ್ತು.

ಹಾಗಾದರೆ ನಾವು ಮಾಡಬೇಕಾದದ್ದೇನು? ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ಹಾವೇರಿಯಲ್ಲಿ ಈಗ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯವಿದೆ. ಬೆಳಗಾವಿಯಲ್ಲಿ ಪಾರಂಪರಿಕ ವೈದ್ಯದ ಸಂಶೋಧನೆಗೆಂದೇ ಕೇಂದ್ರ ಸರಕಾರದ ಸಂಸ್ಥೆಯಿದೆ. ಈ ಮೂರರ ನಡುವಿನ ದಾರಿ ದೂರವೇನೂ ಅಲ್ಲ. ಗೊಟಗೋಡಿಯವರು ಹಾಡು, ಕಥೆ, ಕುಣಿತಗಳನ್ನು ಕೂಡಿಸಿಡುವಂತೆ ಈ ಕೈಗಳನ್ನೂ ಚಿತ್ರಿಸಿಡಲಿ. ತಿಕ್ಕುವ ವಿದ್ಯೆ ಮಾತಿನಲ್ಲಿ ಬರೆದರೆ ಮುಗಿಯುವಂಥದಲ್ಲ. ಬೆರಳಿನ ಚಲನೆಯನ್ನು ಕಣ್ಣಿನಿಂದ ನೋಡಬೇಕು. ಬಲ್ಲವರ ಒಪ್ಪಿಗೆ ಪಡೆದು, ಅವರ ಹೆಸರನ್ನು ನಮೂದಿಸಿ, ಅಧ್ಯಾಪಕನಿಗೆ ಕೊಡುವಂತೆ ಅವರಿಗೆ ಸಂಭಾವನೆ ಕೊಟ್ಟು ಈ ಕೆಲಸ ನಡೆಯಬೇಕು. ವೈದ್ಯಕೀಯ ಮಹಾವಿದ್ಯಾಲಯದ ಎಲುಬು ತಜ್ಞರು ತಾಲೂಕು ಆಸ್ಪತ್ರೆಗಳಲ್ಲಿ ವರ್ಷಕ್ಕೆರಡು ಸಲ ಈ ಜನರನ್ನು ಕೂಡಿಸಿ, ಯಾವುದನ್ನು ಮುಟ್ಟಬಾರದೆಂಬುದನ್ನು ತಿಳಿಸಿಕೊಡಲಿ. ಸೊಟ್ಟಗಾದ ಕೈಕಾಲು, ಎಲುಬು ಹೊರಬಂದ ಗಾಯ, ಜೋಮು ಹಿಡಿದ ಬೆರಳು, ಬಿದ್ದ ಮುದುಕರ ಸೊಂಟ, ಜ್ವರದ ಜೊತೆಗಿನ ಬೆನ್ನುನೋವು, ಮೂತ್ರದ ಹಿಡಿತ ತಪ್ಪಿದ ಸೊಂಟನೋವು, ಬಾಣಂತಿಯ ಊದಿದ ಒಂದು ಮೀನಗಂಡ: ಇಷ್ಟನ್ನು ಕಂಡೊಡನೆ ಎಣ್ಣೆ ಕೆಳಗಿಟ್ಟು ಆಸ್ಪತ್ರೆಗೆ ಕಳಿಸಬೇಕೆಂಬುದು ಮನದಟ್ಟಾದರೆ ಅನೇಕ ಕೈಕಾಲುಗಳೂ ಕೆಲವು ಪ್ರಾಣಗಳೂ ಉಳಿಯುತ್ತವೆ. ಎರೆಯುವ ಹೆಣ್ಣುಮಕ್ಕಳಿಗೆ ಹದಿನೈದು ದಿವಸದ ತರಬೇತಿ ಕೊಟ್ಟು, ಆಸ್ಪತ್ರೆಯಿಂದ ಮನೆಗೆ ಬಂದ ಬಾಣಂತಿಯ ಆರೈಕೆಗೆ ಗೊತ್ತಾದ ಕೂಲಿಯ ಮೇಲೆ ನೇಮಿಸುವುದು ಸರಕಾರಕ್ಕೆ ಅಸಾಧ್ಯವಾದ ಖರ್ಚಲ್ಲ.

ಇದಕ್ಕೆ ಎರಡು ಕಡೆಯಿಂದಲೂ ಆಕ್ಷೇಪಣೆ ಬರುವುದೆಂದು ನಾನು ಬಲ್ಲೆ. ಹೀಗೆ ಮರ್ಯಾದೆ ಕೊಟ್ಟರೆ ನಕಲಿ ವೈದ್ಯರಿಗೆ ಪರವಾನಗಿ ಕೊಟ್ಟಂತಾಗುವುದೆಂದು ಡಾಕ್ಟರರು ಹೇಳುತ್ತಾರೆ. ಪೇಟೆಯಲ್ಲಿ ಫಲಕ ಹಾಕಿಕೊಂಡು ಕಂಡವರಿಗೆಲ್ಲ ಸೂಜಿ ಚುಚ್ಚುವ ನಕಲಿಗಳನ್ನು ಹಿಡಿಯಲು ಕಾನೂನಿದೆ, ಅದು ನಡೆಯಲಿ. ಎರೆಯುವ ಮುದುಕಿ ಫಲಕ ಹಾಕಿಲ್ಲ, ಸೂಜಿ ಹಿಡಿದಿಲ್ಲ. ನಾವು ಆಕೆಗೆ ಹೇಳಿಕೊಡದಿದ್ದರೂ ಆಕೆ ನಾಳೆ ಬೆಳಿಗ್ಗೆ ಯಾರದೋ ಕೂಸಿನ ಕಿವಿಗೆ ಎಣ್ಣೆ ಬಿಡುತ್ತಾಳೆ. ಹೇಳಿಕೊಟ್ಟರೆ ಬಿಡದೆ ಇರಬಹುದು. ಇನ್ನು ಪರಂಪರೆಯ ಅಭಿಮಾನಿಗಳು, ಹಿರಿಯರ ವಿದ್ಯೆಯನ್ನು ಪರೀಕ್ಷೆಗೆ ಒಡ್ಡುವುದು ಅಪಮಾನವೆನ್ನುತ್ತಾರೆ. ಗರಡಿಯಲ್ಲಿ ಬೆಳೆದ ಯಾವ ಪೈಲ್ವಾನನೂ ಹಾಗೆ ಹೇಳಲಾರನು. ಕಣಕ್ಕಿಳಿಯದೆ ಅವನು ಪೈಲ್ವಾನನೆನಿಸುವುದು ಹೇಗೆ? ಪರೀಕ್ಷೆಯಲ್ಲಿ ಬಿದ್ದುಹೋಗುವ ಪದ್ಧತಿ ಬಿದ್ದುಹೋಗಲಿ, ನಿಲ್ಲುವುದು ನಿಲ್ಲಲಿ.

ಹಿರೇಕೆರೂರು ಸೀಮೆಯವನೆಂದು ನಾವು ಅಭಿಮಾನದಿಂದ ಹೇಳಿಕೊಳ್ಳುವ ಸರ್ವಜ್ಞನೂ, ಬಾಡದ ಕನಕದಾಸರೂ, ಶಿಶುನಾಳದ ಷರೀಫರೂ ಕೇಳಿದ ಮಾತನ್ನು ಕಣ್ಣುಮುಚ್ಚಿ ಒಪ್ಪಿದವರಲ್ಲ. ಬಡವನ ಮನೆಯಲ್ಲಿ ಸಿಕ್ಕಿತೆಂದು ತಿಳಿವನ್ನು ತಳ್ಳಿಹಾಕಿದವರೂ ಅಲ್ಲ. ಅವರು ನಡೆದ ನೆಲದಲ್ಲಿ ಈ ಎರಡೂ ಬುದ್ಧಿ ಕೂಡಿ ಕೆಲಸ ಮಾಡುವುದು ಕಷ್ಟವಾಗಬಾರದು. ನಮ್ಮ ನಾಲ್ಕು ತಾಲೂಕುಗಳಲ್ಲಿ ಈ ವಿದ್ಯೆ ಬಲ್ಲವರಲ್ಲಿ ಬಹಳ ಮಂದಿಗೆ ಈಗ ಎಪ್ಪತ್ತು ಮೀರಿದೆ. ವಿಶ್ವವಿದ್ಯಾಲಯದವರೂ ಡಾಕ್ಟರರೂ ಕಾಗದಪತ್ರ ನಡೆಸಿ, ಸಭೆ ಕರೆದು, ಸಮಿತಿ ಮಾಡುವಷ್ಟು ಕಾಲ ಅವರು ಕಾಯುವಂತಿಲ್ಲ. ಈ ವರ್ಷದ ಮಳೆಗಾಲ ಮುಗಿಯುವುದರೊಳಗೆ ಪ್ರತಿಯೊಂದು ತಾಲೂಕಿನಲ್ಲಿಯೂ ಕನಿಷ್ಠ ಹತ್ತು ಮಂದಿಯ ಬಚ್ಚಲಿಗೂ ಅಂಗಳಕ್ಕೂ ಗರಡಿಗೂ ಯಾರಾದರೂ ಹೋಗಿ, ಮಗ್ಗುಲಲ್ಲಿ ಕುಳಿತು, ‘ಅಜ್ಜಿ, ನೀವು ಇದನ್ನು ಹೇಗೆ ಮಾಡುತ್ತೀರಿ, ನನಗೆ ಕಲಿಸಿರಿ’ ಎಂದು ಕೇಳುವಂತಾಗಲಿ.